ಶೆಟ್ಲಿಗೆ ದೂರ ತೋರಿಸಿದ್ದು

ಬೈತಖೋಲದ ಧಕ್ಕೆಯಲ್ಲಿ, ಬಲೆರಾಶಿಯ ತಾಡಪಾಲಿನಡಿ
ಕುಂಯ್ ಅನ್ನುತ್ತಿತ್ತು.
ಸುರುಟಿ ಮಲಗಿದರೆ ಬೆಂದ ಶೆಟ್ಲಿಯದೇ ಬಣ್ಣ, ಅದೇ ಡೊಂಕು.
ಹೆಸರಿಗೆ ಹುಡುಕಾಡಬೇಕಾಗಲಿಲ್ಲ.

ಜೂನ್ ಒಂದು. ಬೋಟು ಬಂದ್.
ಇನ್ನು ಅರವತ್ತೊಂದು ದಿನ
ಕೈಗಳು ಮನೆತುಂಬ ಸುಮ್ಮನೆ ಓಡಾಡುತ್ತವೆ.

ಸೂಜಿ ಹಾಕಿಸಲು ಒಯ್ದೆ, ಭಾವನಿಂದ ಕೊಂಡ ಓಮ್ನಿಯಲ್ಲಿ.
ಕೋಡಿಬಾಗದ ತಿರುವಿಗೆ ಮೊದಲೇ
ಜೊಲ್ಲಿನ ಎಳೆ ಸೀಟಿನಿಂದ ನೆಲಕ್ಕೆ,
ಒಂದು ಆಕಳಿಕೆ, ಮತ್ತೊಂದು,
ಆಮೇಲೆ ಹಾಲನ್ನ ಇದ್ದ ಹಾಗೇ ಗೇರಿನ ಬುಡಕ್ಕೆ.
ಬರುವಾಗ ಹೊಟ್ಟೆಯಲ್ಲಿ ಏನೂ ಇರಲಿಲ್ಲ,
ಆದರೂ ಕಕ್ಕಿತು.
ಮರುದಿನ ಬಾಗಿಲು ಜಾರಿದ ಸದ್ದಿಗೇ
ತುಳಸಿಕಟ್ಟೆಯ ಹಿಂದೆ ನಿಂತಿತ್ತು
ಬಾಲವನ್ನು ಹೊಟ್ಟೆಗೆ ಹೊಲಿದುಕೊಂಡು.

ಮಂಗಲಾ ನಕ್ಕಳು: 'ಕಲಿಸಿ ನೋಡುವ.
ಮೂವತ್ತು ವರ್ಷ ಒಮ್ಮೆಯೂ ಕಕ್ಕದ ತಾಂಡೇಲರಲ್ಲವೋ!'

ಮನೆಯಲ್ಲಿ ಹಾಗೊಂದು ಮಾತಿದೆ.
ಹೇಳಿದ್ದು ನಾನೇ, ಮದುವೆಯಾದ ವರ್ಷ.

ಮೊದಲ ವಾರ ಗಾಡಿ ಅಲುಗಲೇ ಇಲ್ಲ.
ಎಂಜಿನ್ ಬಂದ್, ಬಾಗಿಲು ತೆರೆದು,
ನಾನೊಂದು ಕಡೆ, ಅದೊಂದು ಕಡೆ,
ನಡುವೆ ಒಣ ಬಾಂಗಡೆಯ ಚೂರು.
ದಾರಿಯಲ್ಲಿ ಹೋಗುವವರು ಇಣುಕಿ ಕೇಳಿದರು,
ಎಲ್ಲಿಗೆ ಹೊರಟದ್ದು?
ಎಲ್ಲಿಗೂ ಇಲ್ಲ ಮಾರಾಯ, ಕೂತದ್ದು.

ಎರಡನೆಯ ವಾರ ಎಂಜಿನ್ ಚಾಲೂ, ಗಾಡಿ ನಿಂತಲ್ಲೇ.
ಅದರ ಎದೆ ನನ್ನ ಅಂಗೈಯಲ್ಲಿ ಢವಗುಟ್ಟಿ
ನಿಧಾನ ಎಂಜಿನ್ನಿನ ಲೆಕ್ಕಕ್ಕೆ ಇಳಿಯಿತು.
ಆಮೇಲೆ ಗೇಟಿನತನಕ. ಆಮೇಲೆ ಗೂಡಂಗಡಿತನಕ.

ನಿಂಬೆಹಣ್ಣು ಮೂಸಿಸಿದೆ.
ಮೂರು ಸೀನು ಸೀನಿ
ನನ್ನನ್ನೇ ಗುರುತಿಲ್ಲದವರಂತೆ ನೋಡಿತು.

ಆಗ ನನಗೆ ಗೊತ್ತಿದ್ದ ದೊಡ್ಡ ವಿದ್ಯೆ ತೆಗೆದೆ:
ಸೀಟಿನ ಮೇಲೆ ಮೀನಿನ ಕ್ರೇಟು ಬೋರಲು ಹಾಕಿ
ಕಿಟಕಿಯಷ್ಟೆತ್ತರ ಕೂರಿಸಿ,
'ಕಾಲಡಿ ನೋಡಬೇಡ, ದೂರ ನೋಡು.
ಅಕಾ ಅಲ್ಲಿ, ದೇವಗಡದ ದೀಪ.
ಎಲ್ಲ ಅಲುಗಿದರೂ ಅದೊಂದು ಅಲುಗುವುದಿಲ್ಲ.'
ಅದು ನನ್ನ ಹೆಬ್ಬೆರಳು ನೆಕ್ಕಿತು.
ದೀಪ ಮಳೆಯಲ್ಲಿ ಕಾಣುತ್ತಲೂ ಇರಲಿಲ್ಲ, ಖರೆ ಹೇಳಬೇಕೆಂದರೆ.

ಖರೆ ಹೇಳಬೇಕೆಂದರೆ, ಶೆಟ್ಲಿ,
(ತಗಡಿನ ಮೇಲೆ ಮಳೆ ಜೋರಾಗಿತ್ತು, ಯಾರಿಗೂ ಕೇಳಿಸದಷ್ಟು)
ಮೊದಲ ಸಲ ಹೋದಾಗ ಹನ್ನೊಂದು ದಿನ ಕಕ್ಕಿದೆ.
ಹದಿನೇಳು ವಯಸ್ಸು. ಬೋಟಿನ ಅಂಚು ಹಿಡಿದು
ಅನ್ನ, ನೀರು, ಹಳದಿ ಪಿತ್ತ, ಕೊನೆಗೆ ಬರೀ ಸದ್ದು.
ಯಾರೂ ಬೈಯಲಿಲ್ಲ. ಸೋಯ್ರು ತಾಂಡೇಲ
ದೀಪ ತೋರಿಸಿದ. ಅದೂ ಸಾಕಾಗದೆ
ಒದ್ದೆ ಬಲೆಯ ಗುಡ್ಡೆಯ ಮೇಲೆ ದೂಡಿ ಮಲಗಿಸಿದ,
'ಸಮುದ್ರದ ಮೇಲೆ ಸಿಟ್ಟಿದ್ದರೆ ನಿದ್ದೆ ಮಾಡು' ಅಂದ.

ಹೇಳುತ್ತ ಹೇಳುತ್ತ ನೆನಪಾಯಿತು, ಬಲೆ.
ಧಕ್ಕೆಗೆ ಹೋಗಿ ಹರಿದದ್ದೊಂದು ತುಂಡು ತಂದೆ,
ಉಪ್ಪಿನ, ಡೀಸೆಲ್ಲಿನ, ತಾರ್ಲಿಯ ವಾಸನೆಯದು.
ಕ್ರೇಟು ತೆಗೆದು ಅದನ್ನು ಹಾಸಿದೆ.
ಶೆಟ್ಲಿ ಮೂರು ಸುತ್ತು ಸುತ್ತಿ ಡೊಂಕಾಯಿತು.
ಹೊಸ ಸೇತುವೆ ದಾಟಿ ಸದಾಶಿವಗಡ,
ತಿರುಗಿ ಕೋಡಿಬಾಗ. ಕಣ್ಣೇ ಬಿಡಲಿಲ್ಲ.
ನನ್ನ ವಿದ್ಯೆಯೆಲ್ಲ ಕಿಟಕಿಯಲ್ಲಿ ಒಂಟಿ ಉಳಿಯಿತು.

ಪೂರ್ತಿ ಗೆದ್ದೆವೆಂದಲ್ಲ. ಬಿಣಗಾ ಘಾಟಿಯಲ್ಲಿ
ಮೀನೆಣ್ಣೆ ಲಾರಿಯ ಹಿಂದೆ ಸಿಕ್ಕಿಬಿದ್ದ ದಿನ
ಇಬ್ಬರಿಗೂ ಹೊಟ್ಟೆ ತೊಳಸಿತು.
ಇಳಿದು ದಾರಿಬದಿ ಒಬ್ಬರ ಪಕ್ಕ ಒಬ್ಬರು ಬಗ್ಗಿ ನಿಂತೆವು.
ಏನಾಗಲಿಲ್ಲ. ಸ್ವಲ್ಪ ಹುಲ್ಲು ತಿಂದಿತು ಅದು.

ಆಗಸ್ಟ್ ಒಂದು, ಬೆಳಗಿನ ನಾಲ್ಕು.
ಬಲೆಯ ಮೇಲೆ ಶೆಟ್ಲಿ, ಪಕ್ಕದಲ್ಲಿ ಮಂಗಲಾ,
ಬೈತಖೋಲದತನಕ ಬಿಡಲು ಬಂದವರು.
ಇಳಿಯುವಾಗ ಅವಳು ನನ್ನ ಅಂಗಿಯ ಜೇಬಿಗೆ
ನಿಂಬೆಹಣ್ಣೊಂದು ಹಾಕಿದಳು,
ಪ್ರತಿವರ್ಷ ಹಾಕುವ ಹಾಗೆಯೇ.
ದೃಷ್ಟಿಗೆಂದು ತಿಳಿದಿದ್ದೆ ಇಷ್ಟು ವರ್ಷ.

ಕೇಳಲೋ ಬೇಡವೋ ಅನ್ನುವಷ್ಟರಲ್ಲಿ
ಶೆಟ್ಲಿ ಜೇಬಿನತ್ತ ಮೂಗು ಚಾಚಿ
ಒಮ್ಮೆ ಸೀನಿತು.