ಮಹಜರು

ಸ್ಥಳ: ಮೈಸೂರು, ಒಂಟಿಕೊಪ್ಪಲು, ನನ್ನ ಮನೆಯ ಹಿತ್ತಿಲು.
ಸಮಯ: ಸಂಜೆ ಆರೂ ಕಾಲು, ಸೊಳ್ಳೆ ಏಳುವ ಹೊತ್ತು.
ಹಾಜರಿದ್ದವರು: ನಿವೃತ್ತ ಅಬಕಾರಿ ಇನ್ಸ್‌ಪೆಕ್ಟರ್ ನಾನು,
ಹೊಂಬಾಳಮ್ಮನ ಮೊಮ್ಮಗಳು ವನಜಾಕ್ಷಿ,
ಕಲ್ಲುಚಪ್ಪಡಿಯ ಮೇಲೊಂದು ಇರುವೆ ಸಾಲು.

ವಸ್ತು: ಗಾಜಿನ ಸೀಸೆ ಒಂದು. ಬಿರಡೆಗೆ
ಕತ್ತಾಳೆ ನಾರು ಸುತ್ತಿದೆ, ಅವಳಪ್ಪ ಹೊಸೆದದ್ದು.
ಒಳಗೆ ನೀರಿನಂಥದ್ದು. ನೀರಲ್ಲ.
ಕುಲುಕಿ ನೋಡಿದೆ, ಹಳೇ ಚಾಳಿ.
ಕತ್ತಿನ ಸುತ್ತ ಮಣಿ ಕಟ್ಟಿತು, ನಿಂತಿತು.
ಕಳ್ಳಮಾಲಿಗೆ ಇಷ್ಟು ತಾಳ್ಮೆ ಇರುವುದಿಲ್ಲ.

'ಲೈಸೆನ್ಸ್ ಐತೆ ಸಾ,' ಅಂದಳು
ಚೀಲದಿಂದ ಕಾಗದ ತೆಗೆಯುತ್ತ.
ನಾನು ಕೇಳಿರಲಿಲ್ಲ.

ಮೂವತ್ತೊಂದು ವರ್ಷದ ಹಿಂದೆ
ನಾಗಮಂಗಲದ ಬೋರೆಯಲ್ಲಿ
ಬದುವಿನ ಕತ್ತಾಳೆ ಮೆಳೆಯೊಳಗೆ ಕೈಹಾಕಿ
ಇವಳಜ್ಜಿಯ ಮೂರು ಮಡಕೆ ಎಳೆದವನು ನಾನೇ.
ಮುಳ್ಳು ತರಚಿ, ರಸ ತಾಗಿ, ಮೊಳಕೈವರೆಗೂ ನವೆ.
ಮಡಕೆ ಒಡೆದೆವು. ನೆಲ ಕುಡಿಯಿತು.
ಬರೆದದ್ದು: ಬಣ್ಣ, ವಾಸನೆ, ಅಂದಾಜು ಲೀಟರು, ಪಂಚರ ರುಜು.
ಆ ನಮೂನೆಯಲ್ಲಿ ರುಚಿಗೆ ಕಾಲಮ್ಮಿರಲಿಲ್ಲ.
ಹೊಂಬಾಳಮ್ಮ ಬೈಯಲಿಲ್ಲ; ಕೈಗೆ ಹಚ್ಚಿಕೊಳ್ಳೆಂದು
ಹುಣಸೆ ಕಿವುಚಿ ಕೊಟ್ಟಳು.
ಅದನ್ನೂ ಬರೆಯಲಿಲ್ಲ.

'ಆವತ್ತಿಂದು ಬೆಲ್ಲದ್ದು ಸಾ, ಇದು ಕತ್ತಾಳೇದೇಯ.
ನಡೂವೆ ಕಂಬ ಎದ್ದು ಹೂವಾಗಕ್ ಮುಂಚೆ ಕಡೀಬೇಕು,
ಇಲ್ದಿದ್ರೆ ಹತ್ತೊರ್ಸದ ಸಿಹೀನೆಲ್ಲ
ಆಕಾಸಕ್ಕೆ ಕೊಟ್‌ಬುಡ್ತದೆ.
ಗರಿ ಸವರಿ, ಗಡ್ಡೆ ಗುಂಡೀಲಿಟ್ಟು, ಮಣ್ಣು ಮುಚ್ಚಿ
ಮೂರ್ ದಿನ ಬೇಯಿಸ್ತೀವಿ.'

ಸ್ಟೀಲ್ ಲೋಟ ಬೇಡವೆಂದಳು.
ಹಿಡಿ ಮುರಿದ ಪಿಂಗಾಣಿ ಕಪ್ಪು ಸಿಕ್ಕಿತು.
'ಗುಟುಕಲ್ಲ ಸಾ, ತುಟಿ ಒದ್ದೆ ಆದ್ರೆ ಸಾಕು.'

ಮೊದಲು ಹೊಗೆ: ಜಾಲಿ ಸೌದೆಯ ಬಚ್ಚಲೊಲೆ.
ಆಮೇಲೆ ಆಲೆಮನೆಯ ಕೊಪ್ಪರಿಗೆ ತಳ, ಕೆರೆದದ್ದು.
ಅದರ ಹಿಂದೆ, ಕೆರೆಯಲ್ಲಿ ನೆನೆಹಾಕಿದ ನಾರಿನ
ಹಸಿರು ನಾತ.
ನಾತ ಅಂದರೆ ತಪ್ಪು; ನಾತ ಮಿಂದು ಬಂದ ಹಾಗೆ.
ಉರಿಯುತ್ತದೆಂದು ಗಂಟಲು ಬಿಗಿಹಿಡಿದೆ.
ಉರಿಯಲಿಲ್ಲ. ಮೆತ್ತಗೆ ಒಂದು ಬಿಸಿ ಒಳಗೆ ಬಂತು,
ದೂರದ ನಂಟ ಬಂದ ಹಾಗೆ,
ಚಪ್ಪಲಿ ಹೊರಗೇ ಬಿಟ್ಟು.
ಕೊನೆಗೆ ನಾಲಗೆಯ ಅಂಚಿಗೆ ಚೂರೇ ಚೂರು ನವೆ,
ಅಥವಾ ಅದು ಮೊಳಕೈಯ ನೆನಪೋ.

'ಎಂಗದೆ ಸಾ?'

ಸಾಂದ್ರತೆ, ಶೇಕಡಾವಾರು, ಮೇಲ್ಕಂಡ, ಸದರಿ:
ಇಲಾಖೆಯ ಕನ್ನಡವೆಲ್ಲ ಸಾಲಾಗಿ ನಿಂತಿತು,
ಒಂದೂ ಮುಂದೆ ಬರಲಿಲ್ಲ.
'ಸಂದಾಗದೆ ಕನವ್ವ,' ಅಂದೆ.
ಕೆಲಸಕ್ಕೆ ಸೇರಿದಂದು ಮಡಿಸಿಟ್ಟ ಮಾತು,
ನಮ್ಮವ್ವನದು,
ಸುಕ್ಕಿಲ್ಲದೆ ಹೊರಬಂತು.

ತಳದ ಎರಡು ತೊಟ್ಟು ಚಪ್ಪಡಿಯ ಸಂದಿಗೆ ಬಿಟ್ಟೆ,
ನನಗಿಂತ ಮೊದಲು ಕುಡಿದದ್ದು ಅದೇ ತಾನೆ.
ಇರುವೆ ಸಾಲು ಒಂಚೂರು ಬಾಗಿತು.

ವನಜಾಕ್ಷಿ ಬಿರಡೆಗೆ ಮತ್ತೆ ನಾರು ಸುತ್ತುತ್ತಿದ್ದಳು.
'ಬುಡು,' ಅಂದೆ, 'ಈಗ್ಲೇ ಯಾಕ್ ಕಟ್ಟೀಯೆ.'