ಊಟ ಖಾಲಿ

ಕೋಡಿಬಾಗದ ತಿರುವಿನಲ್ಲಿ ಬಸ್ಸಿಳಿದಾಗ ಎರಡೂವರೆ.
ಬುದವಂತಕ್ಕನ ಖಾನಾವಳಿಯ ಹಲಗೆ
ಆಗಲೇ ತಿರುಗಿ ನಿಂತಿದೆ: ‘ಊಟ ಖಾಲಿ’.

ಪಣಜಿಯ ದೊಡ್ಡ ಹೋಟೆಲಿನಲ್ಲಿ ನಾನು
ತಟ್ಟೆಯಂಚಿನ ಒಂದು ಹನಿ ಸಾರನ್ನೂ
ಬಿಳಿ ಬಟ್ಟೆಯಲ್ಲಿ ಒರೆಸಿ ಹೊರಗೆ ಕಳಿಸುವವ.
ಹದಿನೈದು ದಿನಕ್ಕೊಂದು ರಜೆ; ಅದೂ ಇಲ್ಲಿಗೇ,
ಈ ಮಸಿ ಹಿಡಿದ ಜಂತಿಯ ಕೆಳಗೆ.

ಹೋಗಲಿ ಎಂದು ತಿರುಗಿದರೆ ಒಳಗಿಂದ ದನಿ:
“ನಿನ್ನೆ ಬಂಗಡೆ ಸಾರು ಅದೆ.
ನಂಗೇ ಅಂತ ಇಟ್ಕಂಡದ್ದು. ಅಡ್ಡಿಲ್ವಾ?”

ಅಡ್ಡಿಯೆಂಥದು!
ಇರುಳಿಡೀ ಮಣ್ಣಿನ ಅಳಗೆಯಲ್ಲಿ ಕೂತು ಗಟ್ಟಿಯಾದ ಕೆಂಪು.
ಜುಮ್ಮನಕಾಯಿ ನಾಲಗೆಯ ತುದಿ ಹಿಡಿದು
ಮರಗಟ್ಟಿಸಿ, ನಿಧಾನ ಬಿಟ್ಟುಕೊಟ್ಟಿತು.
ಕುಚ್ಚಲಕ್ಕಿ ಗಂಜಿ. ಕುಮಟೆಯ ಈರುಳ್ಳಿ ಅರ್ಧ,
ಇನ್ನರ್ಧ ಅವಳ ಬಟ್ಟಲಿಗೆ.

ಮುಂಗೈಯ ಸುಟ್ಟ ಗೆರೆ ನೋಡಿ ಕೇಳಿದಳು:
“ಒಲೆ ಮುಂದಿನ ಕೆಲ್ಸವಾ?”
ಹೂಂ ಎಂದೆ.
ತನ್ನ ತೋಳು ತಿರುಗಿಸಿ ತೋರಿದಳು.
ನನ್ನದಕ್ಕಿಂತ ಉದ್ದ.

ಅಂಚಿಗಂಟಿದ ಸಾರನ್ನು ಬೆರಳಲ್ಲಿ ಬಳಿದು ನೆಕ್ಕಿದೆ.
ಎಷ್ಟಾಯ್ತು? ನಕ್ಕಳು.
“ಮಾರೂಕೆ ಮಾಡದ್ದಲ್ಲ ಅದು.
ಮುಂದಿನ್ ಸಲ ಬೇಗ ಬಾ, ಬಿಸಿ ಊಟ ಸಿಗ್ತದೆ.”

ಮುಂದಿನ ಸಲವೂ ನಾನು
ಎರಡೂವರೆಯ ಬಸ್ಸಿಗೇ ಬರುವವ.