ಸೂಜಿಮೊನೆಯಷ್ಟು

ಬಳೇಪೇಟೆಯಲ್ಲಿ ಮೆಟ್ಟಿಲ ಕೆಳಗಿನ ಅಂಗಡಿ.
ನೆಲದಡಿ ಮೆಟ್ರೋ ಹಾದಾಗ
ಎಣ್ಣೆಬಟ್ಟಲಲ್ಲಿ ಸಣ್ಣದೊಂದು ನಡುಕ.
ಅದು ನಿಲ್ಲುವವರೆಗೆ ನಾನೂ ಕೈ ತಡೆಯುತ್ತೇನೆ.

"ಓಡ್ತಾನೇ ಇದೆ," ಅಂದರು ಆಕೆ, ವಾಚು ಬಿಚ್ಚಿಕೊಡುತ್ತ.
"ಸುಮ್ನೆ ಒಂದು ತೊಟ್ಟು ಎಣ್ಣೆ ಬಿಟ್ಟುಕೊಡಿ."

ಓಡುವುದೇ ರೋಗ, ತಾಯೀ.
ನಿಂತ ವಾಚು ಸವೆಯುವುದಿಲ್ಲ.
ಬೀರುವಿನಲ್ಲಿ ನುಸಿಗುಳಿಗೆಯ ಪಕ್ಕ
ಮೂವತ್ತು ವರ್ಷ ಮಲಗಿದ್ದನ್ನು ತೊಳೆದರೆ ಸಾಕು,
ಕಣ್ಣುಜ್ಜಿಕೊಂಡು ಎದ್ದು ಕೂರುತ್ತದೆ.
ಕೆಡುವುದು ದುಡಿಯುವ ವಾಚು.
ಎಣ್ಣೆ ಆರಿ ಜಿಡ್ಡಾಗಿ, ಜಿಡ್ಡಿಗೆ ಧೂಳು ಕೂತು,
ಧೂಳು ಹಿತ್ತಾಳೆಯಲ್ಲಿ ಹುದುಗಿ ಸಾಣೆಯಾಗಿ,
ಆಮೇಲೆ ನೋಡಿ ವಿಚಿತ್ರ,
ಮೆತ್ತನೆ ಹಿತ್ತಾಳೆ ಗಟ್ಟಿ ಉಕ್ಕನ್ನು ತಿನ್ನತೊಡಗುತ್ತದೆ.

ಇದೇನನ್ನೂ ಆಕೆಗೆ ಹೇಳಲಿಲ್ಲ.
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಮುಚ್ಚಳ ತಿರುಗಿಸಿದೆ.

ಜಾಲಹಳ್ಳಿಯ ಮಾಲು. ಹದಿನೇಳು ಕಲ್ಲು.
ಮೂರನೇ ಚಕ್ರದ ಕಲ್ಲಿನ ಸುತ್ತ
ಕುಂಕುಮದ ಭರಣಿ ತುಳುಕಿದ ಹಾಗೆ ಕೆಂಪು ಪುಡಿ:
ಒಂದು ಕಾಲಕ್ಕೆ ಅದು ಮೊನೆಯ ಉಕ್ಕು.
ಸ್ಪ್ರಿಂಗ್ ಡಬ್ಬಿಯ ತೂತು, ದುಂಡಗಿರಬೇಕಾದ್ದು,
ಅವರೆಕಾಳಿನ ಹಾಗೆ ಉದ್ದವಾಗಿದೆ.
ಡಬ್ಬಿ ವಾಲಿ, ಮೇಲಿನ ತಗಡನ್ನು ಕೆರೆದು ಕೆರೆದು
ಬಿದಿಗೆ ಚಂದ್ರನೊಬ್ಬನನ್ನು ಬಿಡಿಸಿದೆ.

ಮತ್ತೆ ಈ ಪ್ಯಾಲೆಟ್ ಫೋರ್ಕು!
ಇದರ ಮೊನೆಗೆ ಎಣ್ಣೆ ತಾಕಿಸಬಾರದೆಂದು
ಅಂಗಡಿ ಗುಡಿಸುವ ಹುಡುಗನಿಗೂ ಗೊತ್ತು.
ಯಾವನೋ ಒಗ್ಗರಣೆಗೆ ಸುರಿದ ಹಾಗೆ ಸುರಿದಿದ್ದಾನೆ,
ಅದೂ ಹೊಲಿಗೆ ಮಿಶನ್ನಿನ ಎಣ್ಣೆ.
ಹೆಚ್ಚಾದ ಎಣ್ಣೆಗೆ ನೆಲೆಯಿಲ್ಲ,
ತನ್ನ ಬಟ್ಟಲು ಬಿಟ್ಟು, ಅಂಚು ಹತ್ತಿ, ತೆವಳಿ ಹೋಗುತ್ತದೆ.
ತುಂಬಿ ತುಳುಕಿಸಿದ ಕಲ್ಲೇ ಮೊದಲು ಒಣಗುವುದು.

"ಯಾವ ಕಟುಕ ಬಿಚ್ಚಿದ್ದ ಇದನ್ನ?" ಅಂದೆ.
ಹಾಗನ್ನುತ್ತಲೇ ಮುಚ್ಚಳದೊಳಗೆ ಬೆಳಕು ಓರೆಯಾಗಿ ಬಿತ್ತು.
ರಿಪೇರಿಯವರು ಗೀರಿಡುವ ಗುರುತು, ಕೂದಲಷ್ಟು ತೆಳು:
ತಿ. 11-8-91.

ತಿಪ್ಪೇಸ್ವಾಮಿ.
ನಾನು. ಹತ್ತೊಂಬತ್ತು ವರ್ಷ.
ಪೀರ್ ಸಾಬರು ಊಟಕ್ಕೆ ಹೋದ ಹೊತ್ತಿನಲ್ಲಿ
ಒಬ್ಬನೇ ಬಿಚ್ಚಿ ಜೋಡಿಸಿದ ಮೊದಲ ವಾಚು.
"ಎಣ್ಣೆ ಕಣ್ಣಿಗೆ ಕಂಡಿತೋ, ಜಾಸ್ತಿಯಾಯ್ತು ಅಂತ ತಿಳಿ"
ಅನ್ನುತ್ತಿದ್ದರು ಅವರು.
ನನಗೆ ಕಾಣಬೇಕಿತ್ತು. ಹೊಳೆಯಬೇಕಿತ್ತು.

"ಕಟುಕ ಅನ್ಬೇಡಿ," ಅಂದರು ಆಕೆ.
ರಾಜಮಣಿ ಅಂತ. ವಾಣಿವಿಲಾಸದ ಹೆರಿಗೆ ವಾರ್ಡಿನಲ್ಲಿ
ನರ್ಸಾಗಿದ್ದವರು.
"ಪಾಪ, ಒಳ್ಳೇ ಹುಡುಗ. ದುಡ್ಡು ತಗೊಳ್ಳುವಾಗ ಕೈ ನಡುಗ್ತಿತ್ತು.
ಆಮೇಲೆ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳೋದು, ಅಷ್ಟೇ.
ಬೆಳಿಗ್ಗೆ ರೇಡಿಯೋ ಪೀಪ್ ಪೀಪಿಗೆ ಸರಿಮಾಡ್ಕೊಳ್ತಿದ್ದೆ.
ರಾತ್ರಿ ಹುಟ್ಟಿದ ಕೂಸುಗಳು ಮಾತ್ರ..."
ಸೆರಗು ಬಾಯಿಗಿಟ್ಟು ನಕ್ಕರು.

ಆ ನಗು ಮುಗಿದ ಮೇಲೂ ನಾನು ಎಣಿಸುತ್ತಿದ್ದೆ.
ಎಷ್ಟು ಲಗ್ನಗಳು ಗಡಿಯಲ್ಲಿ ಜಾರಿದವೋ,
ಯಾರ ಪಾಲಿನ ಕುಜ ಯಾರ ಏಳನೇ ಮನೆಗೆ ಹೋಗಿ ಕೂತನೋ,
ಕೂಡಿಬರಲಿಲ್ಲವೆಂದು ಯಾರು ಯಾರನ್ನು ಬಿಟ್ಟರೋ,
ಕೂಡಿಬಂತೆಂದು ಕಟ್ಟಿಕೊಂಡು ಇನ್ನೆಷ್ಟು ಜನ ಸುಖವಾಗಿದ್ದಾರೋ.
ನನ್ನ ಮಗಳು ಹುಟ್ಟಿದ್ದೂ ಅಲ್ಲೇ, ರಾತ್ರಿ ಒಂದೂ ನಲವತ್ತಕ್ಕೆ.
ಯಾರ ಕೈಯ ವಾಚೋ. ಕೇಳಲಿಲ್ಲ.

ನಾಲ್ಕು ದಿನ ಹಿಡಿಯಿತು.
ತೂತಿನ ಸುತ್ತ ಗುದ್ದಿ ಕಿರಿದಾಗಿಸುವ ಕಳ್ಳದಾರಿ ಇತ್ತು;
ಕೊರೆದು, ಹೊಸ ಹಿತ್ತಾಳೆ ಬಳೆ ಕಡೆದು ಕೂರಿಸಿದೆ.
ತಿಂದುಹೋದ ಮೊನೆಯನ್ನು ನುಣುಪು ಮಾಡಿದೆ,
ನುಣುಪಾಗುವುದೆಂದರೆ ಅದಕ್ಕೆ ಇನ್ನಷ್ಟು ಸಣಕಲಾಗುವುದು.
ಕೊನೆಗೆ ಎಣ್ಣೆ.
ಉಸಿರು ಹಿಡಿದು, ಸೂಜಿಮೊನೆಯಷ್ಟು.
ಕಾಣಲಿಲ್ಲ.
ಫೋರ್ಕಿಗೆ ಅದೂ ಇಲ್ಲ.

ಹಳೆಯ ಗೀರಿನ ಕೆಳಗೆ ಹೊಸ ತಾರೀಖು, ಅದೇ ಅಕ್ಷರ.
ಮುಂದೆ ಬಿಚ್ಚುವವನು
ಕಟುಕನೊಬ್ಬ, ಅವನನ್ನು ತಿದ್ದಿದವನೊಬ್ಬ
ಅಂದುಕೊಂಡರೆ ಅಂದುಕೊಳ್ಳಲಿ.

ಆಕೆ ಬಂದು ಕಿವಿಗಿಟ್ಟು ಕೇಳಿದರು, ಬಹಳ ಹೊತ್ತು,
ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಕೇಳುವವರ ಹಾಗೆ.
ಬೇಡವೆಂದರೂ ಕೇಳದೆ ಮುನ್ನೂರು ಎಣಿಸಿ ಚಾಚಿದರು.
ತಗೊಳ್ಳುವಾಗ ನನ್ನ ಕೈಯನ್ನೇ ನೋಡುತ್ತಿದ್ದರು.

ಪುಣ್ಯಕ್ಕೆ,
ಆಗಲೇ ನೆಲದಡಿ ಮೆಟ್ರೋ ಹಾಯಿತು.